ರೇಣವ್ವನ ಮೂರು ದಿನ

ಪೀಣ್ಯದಲ್ಲಿ ಮೆಟ್ರೊ ಇಳಿದು ನಮ್ಮ ಮನೆಯ ಕಡೆ ತಿರುಗುವ ಮೂಲೆಯಲ್ಲಿ ಈಗ ಒಂದು ಖಾನಾವಳಿ ಬಂದಿದೆ. ಬಾಗಲಕೋಟೆ ಕಡೆಯವರದು. ಸಂಜೆ ಆರಾಯಿತೆಂದರೆ ಇಬ್ಬರು ಹೆಂಗಸರು ಬಾಗಿಲ ಹೊರಗೇ ಒಲೆ ಹಚ್ಚಿಕೊಂಡು ಜೋಳದ ರೊಟ್ಟಿ ಬಡಿಯಲು ಕೂರುತ್ತಾರೆ. ಶಿಫ್ಟ್ ಮುಗಿಸಿ ಬರುವ ಹುಡುಗರೆಲ್ಲ ಆ ವಾಸನೆಗೇ ಅಲ್ಲಿ ನಿಂತುಬಿಡುತ್ತಾರೆ. ನನಗೆ ಮಾತ್ರ ಸಿಟ್ಟು ನೆತ್ತಿಗೇರುತ್ತದೆ. ಮೊನ್ನೆ ಜೊತೆಗಿದ್ದ ತಮ್ಮನ ಮಗಳು, “ಯಾಕತ್ತೆ ಮುಖ ಹಂಗ್ ಮಾಡ್ಕೊಂಡೆ? ಎರಡು ಕಟ್ಟಿಸ್ಕೊಂಡು ಹೋಗೋಣ್ವಾ?” ಅಂದಳು. “ನಡಿ ಸುಮ್ನೆ” ಎಂದು ರೇಗಿದೆ. ಪಾಪ, ಆ ಮಗು ಏನು ಮಾಡಿತ್ತು? ಮನೆಗೆ ಬಂದ ಮೇಲೆ, ಯಾರ ಮೇಲಿನ ಸಿಟ್ಟು ಇದು ಎಂದು ಒಮ್ಮೆ ಬರೆದಾದರೂ ನೋಡೋಣ ಅಂತ ಕೂತಿದ್ದೇನೆ.

ಪೀಣ್ಯಕ್ಕೆ ಮೆಟ್ರೊ ಬಂದು ಎರಡು ವರ್ಷವಾಗಿತ್ತೇನೋ, ಆ ವರ್ಷದ ದಸರೆ. ನಾನಾಗ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿದ್ದೆ. ಹನ್ನೊಂದು ಜನ, ನಾಲ್ಕು ಮೆಷಿನ್ನು, ಮೇಲೆ ತಗಡು. ಮೆಷಿನ್ನಿನಿಂದ ಇಳಿದ ಬೈಕಿನ ಬಿಡಿಭಾಗದ ಪೀಸುಗಳನ್ನು ಅಳತೆ ಮಾಡಿ ಪಾಸೋ ರಿಜೆಕ್ಟೋ ಹೇಳುವುದು ನನ್ನ ಕೆಲಸ. ಪಾಸಾದ ಮಾಲನ್ನು ಓಮ್ನಿ ವ್ಯಾನಿಗೆ ತುಂಬಿಕೊಂಡು ಲೋಹದ ಲೇಪ ಹಾಕುವ ಪ್ಲೇಟಿಂಗ್‌ನವರ ಹತ್ತಿರ ಬಿಟ್ಟುಬರುವುದೂ ನನ್ನದೇ. ಇದ್ದ ಡ್ರೈವರ್ ಬಿಟ್ಟುಹೋದ ಮೇಲೆ ನಾನೇ ಹಟ ಹಿಡಿದು ಓಡಿಸಲು ಕಲಿತಿದ್ದೆ. ನನ್ನ ಮೇಜಿನ ಪಕ್ಕದಲ್ಲೇ ರೇಣವ್ವ ಕೂರುತ್ತಿದ್ದಳು. ಪೀಸಿನ ಅಂಚಿನಲ್ಲಿ ಉಳಿದ ಮುಳ್ಳನ್ನು ಅರದಿಂದ ಉಜ್ಜಿ ನುಣುಪು ಮಾಡುವವಳು ಅವಳು. ಅವಳು ಉಜ್ಜಿ ಕೊಟ್ಟದ್ದರ ಮೇಲೆ ನಾನು ಬೆರಳಾಡಿಸುತ್ತಿದ್ದೆ. ಬೆರಳಿಗೆ ಏನಾದರೂ ತಾಕಿದರೆ ಪೀಸು ವಾಪಸ್ಸು ಅವಳ ತಟ್ಟೆಗೆ.

ಕೊಪ್ಪಳದ ಕಡೆಯವಳು. ನಮ್ಮಪ್ಪನ ವಠಾರದಲ್ಲೇ ಬಾಡಿಗೆಗಿದ್ದಳು. ತಾತನ ಕಾಲದ ರಾಗಿ ಹೊಲವೆಲ್ಲ ಕೈಗಾರಿಕೆಗೆ ಹೋಗಿ, ಉಳಿದ ತುಂಡು ಜಾಗದಲ್ಲಿ ಅಪ್ಪ ಏಳು ರೂಮು ಎಬ್ಬಿಸಿದ್ದರು. ನಾಲ್ಕನೆಯ ರೂಮಿನಲ್ಲಿ ರೇಣವ್ವ, ಅವಳ ಗಂಡ, ಇಬ್ಬರು ಮೈದುನರು, ಗಂಡನ ಸೋದರಮಾವನ ಮಗ. ಗಂಡಸರೆಲ್ಲ ಗಾರೆ ಕೆಲಸದವರು. ಒಬ್ಬಳೇ ಮಗಳು ಊರಲ್ಲಿ ಅಜ್ಜಿಯ ಹತ್ತಿರ ಓದುತ್ತಿದ್ದಳು. ಬೆಳಗಿನ ಜಾವ ನಾಲ್ಕೂವರೆಗೆ ಅವಳ ರೊಟ್ಟಿಯ ಸದ್ದು ಶುರುವಾಗುತ್ತಿತ್ತು. ವಠಾರಕ್ಕೆ ಒಂದೇ ನಲ್ಲಿ, ದಿನ ಬಿಟ್ಟು ದಿನ ನೀರು. ಮೊದಲು ಎದ್ದವರು ಸಾಲಿನಲ್ಲಿಟ್ಟ ಎಲ್ಲರ ಕೊಡವನ್ನೂ ತುಂಬಿಸಬೇಕು ಅನ್ನುವುದು ಅಲ್ಲಿಯ ರೂಢಿ. ಮೊದಲು ಏಳುವವಳು ಯಾವಾಗಲೂ ಅವಳೇ. ಸಾಲಿನ ಮೊದಲ ಕೊಡ ನಮ್ಮ ಮನೆಯದು. ಇದನ್ನು ನಾನು ಆಗ ಒಂದು ದೊಡ್ಡ ವಿಷಯ ಅಂತ ಅಂದುಕೊಂಡೇ ಇರಲಿಲ್ಲ.

ಆಫೀಸಿನಲ್ಲಿ ಬಿಲ್ ಬರೆಯುವ ಕಾವ್ಯ ಅಂತ ಹುಡುಗಿ. ಒಂದು ದಿನ ಊಟದ ಹೊತ್ತಿಗೆ ಮೊಬೈಲು ಹಿಡಿದುಕೊಂಡು ಬಂದು, ಆಯುಧಪೂಜೆಗೆ ಸಾಲಾಗಿ ರಜೆ ಇದೆ, ಚಿಕ್ಕಮಗಳೂರಿನ ಕಡೆ ಹೋಗೋಣ, ಕಡಿಮೆಯಲ್ಲಿ ಮುಗಿಯುತ್ತದೆ, ಹಾಸ್ಟೆಲಿನಲ್ಲಿ ಉಳಿದರಾಯಿತು ಅಂದಳು.

“ಹಾಸ್ಟೆಲ್ ಅಂದ್ರೆ ಪಿಜಿನಾ?” ಅಂದೆ.

“ಅಲ್ಲ ಜಯಕ್ಕ. ಟೂರ್ ಹೋಗೋರು ಬ್ಯಾಗ್ ಹಾಕ್ಕೊಂಡ್ ಬಂದು ಇಳ್ಕೊಳ್ಳೋದು. ರೂಮಿಗಲ್ಲ, ಬರೀ ಮಂಚಕ್ಕೆ ಬಾಡಿಗೆ. ರೈಲಲ್ಲಿದ್ದಂಗೆ ಒಂದರ ಮೇಲೊಂದು ಮಂಚ ಇರುತ್ತೆ.”

ರೇಣವ್ವ ಡಬ್ಬಿ ಮುಚ್ಚುತ್ತ, “ಅಲ್ಲಿ ಅಡಿಗಿ ಯಾರು ಮಾಡ್ತಾರ?” ಅಂದಳು.

“ಅವ್ರೇ ಕೊಡ್ತಾರೆ ರೇಣಕ್ಕ. ಇಲ್ಲಾಂದ್ರೆ ಹೋಟ್ಲು.”

ರೇಣವ್ವ ಮುಚ್ಚಿದ ಡಬ್ಬಿಯನ್ನು ಚೀಲದೊಳಗೆ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ, “ಹಂಗಾರ ನಾನೂ ಬರ್ತೀನ್ರಿ ಜಯಕ್ಕಾ. ಗುಡ್ಡ ನೋಡೂದು ಹಂಗಿರ್ಲಿ. ಮೂರ ದಿನ ಯಾರೂ ನನಗ ಒಂದು ತಂಬಿಗಿ ನೀರು ತಾ ಅನ್ನಬಾರದು. ಅಷ್ಟಾದ್ರ ಸಾಕ್ರಿ” ಅಂದಳು.

ಮದುವೆಯಾಗಿ ಹದಿನಾಲ್ಕು ವರ್ಷ, ತವರಿಗೆ ಹೋದರೂ ಒಲೆ ಮುಂದೆಯೇ ಕೂತವಳು. ಅವತ್ತು ಸಂಜೆಯೇ ನಾಲ್ಕನೇ ರೂಮಿನ ಬಾಗಿಲಲ್ಲಿ ನಿಂತು ಅವಳ ಗಂಡನಿಗೆ, ಇದು ಕಂಪನಿ ಟೂರು, ಎಲ್ಲರೂ ಬರಲೇಬೇಕು ಎಂದು ತಲೆಯ ಮೇಲೆ ಹೊಡೆದಂತೆ ಸುಳ್ಳು ಹೇಳಿದೆ. ಅವನು “ಆತ್ರಿ ಅಕ್ಕಾರ” ಅಂದು ತಲೆ ತಗ್ಗಿಸಿದ. ಮನೆ ಓನರ್ ಮಗಳ ಮಾತು, ಇನ್ನೇನು ಹೇಳಿಯಾನು? ನನಗಂತೂ ಎಂಥ ಉಪಕಾರ ಮಾಡಿದೆ ಎಂದು ಹೆಮ್ಮೆಯೋ ಹೆಮ್ಮೆ. ರೇಣವ್ವ ಮನೆಯ ಗಂಡಸರಿಗೂ ನಮಗೂ ಆಗುವಷ್ಟು ಕಟಕ್ ರೊಟ್ಟಿ ಎರಡು ದಿನ ಕೂತು ಮಾಡಿಟ್ಟಳು. ಒಣಗಿಸಿದ ರೊಟ್ಟಿ ವಾರವಾದರೂ ಕೆಡುವುದಿಲ್ಲ. ಆ ಮೂರು ದಿನ ಒಲೆಯ ಹತ್ತಿರ ಹೋಗಬಾರದು ಅನ್ನುವುದೇ ಅವಳ ಲೆಕ್ಕ.

ಆಯುಧಪೂಜೆ ಮುಗಿದ ಮಾರನೇ ಬೆಳಿಗ್ಗೆ ನಾವು ಮೂವರು ಹೊರಟೆವು. ಯಜಮಾನರು ಡೀಸೆಂಟ್ ಮನುಷ್ಯ, ವ್ಯಾನ್ ಕೇಳಿದ ಕೂಡಲೇ ಕೊಟ್ಟರು. ಮುಂದಿನ ಬಂಪರಿಗೆ ಕಟ್ಟಿದ ಬಾಳೆಕಂದು, ಚೆಂಡು ಹೂವಿನ ಹಾರ ಹಾಗೇ ಇದ್ದವು. ಪೀಣ್ಯದ ರಸ್ತೆಯ ತುಂಬ ಒಡೆದ ಬೂದುಗುಂಬಳ, ಕುಂಕುಮದ ಕೆಸರು. ನೆಲಮಂಗಲ ದಾಟಿ ಕುಣಿಗಲ್ ರಸ್ತೆಗೆ ಬಿದ್ದ ಮೇಲೆ ಗಾಳಿ ಬದಲಾಯಿತು. ಎರಡೂ ಬದಿ ರಾಗಿ ಹೊಲ, ನಡುನಡುವೆ ಹುಚ್ಚೆಳ್ಳಿನ ಹಳದಿ ಸಾಲು. ತಾತನ ಹೊಲದಲ್ಲೂ ಹೀಗೇ ಇರುತ್ತಿತ್ತಂತೆ, ನಾನು ನೋಡಿದವಳಲ್ಲ. ರೇಣವ್ವ ಮುಂದಿನ ಸೀಟಿನಲ್ಲಿ ಕಾಲು ಮಡಚಿಕೊಂಡು ಕೂತು, ಗಾಜು ಪೂರ್ತಿ ಇಳಿಸಿ, ಕಂಡದ್ದನ್ನೆಲ್ಲ ಹೆಸರು ಹಿಡಿದು ಹೇಳುತ್ತಿದ್ದಳು. ಅಗೋ ಅವರೆ, ಅಗೋ ಹುರಳಿ, ಅಗೋ ಎಮ್ಮಿ ಎಷ್ಟು ಸಣ್ಣ ಅದಾವ ನೋಡ್ರಿ. ಹಾಸನ ಬರುವವರೆಗೂ ಅವಳ ಬಾಯಿ ನಿಂತಿರಲಿಲ್ಲ. ಕಾರ್ಖಾನೆಯಲ್ಲಿ ದಿನಕ್ಕೆ ಹತ್ತು ಮಾತು ಆಡದವಳು.

ಮೊದಲನೇ ರಾತ್ರಿಯ ಹಾಸ್ಟೆಲು ಬೇಲೂರಿನ ಆಚೆ, ಹಳೆಯ ಅಕ್ಕಿ ಗಿರಣಿಯ ಕಟ್ಟಡದಲ್ಲಿತ್ತು. ಹೆಂಗಸರ ಕೋಣೆಯಲ್ಲಿ ಆರು ಮಂಚ, ನಾವು ಮೂವರೇ. ರೇಣವ್ವ ಏಣಿ ಹತ್ತಿ ಮೇಲಿನ ಮಂಚವೇ ಬೇಕೆಂದಳು. ಬೆಳಿಗ್ಗೆ ಎದ್ದದ್ದು ಒಂಬತ್ತಕ್ಕೆ. ಗಾಬರಿಯಾಗಿ ದಡಬಡ ಎದ್ದು ಕೂತು, ಎಲ್ಲಿದ್ದೇನೆ ಎಂದು ನೆನಪಾಗಿ, ಮತ್ತೆ ಮಲಗಿಕೊಂಡಳು. “ಯಾರೂ ಎಬ್ಬಸ್ಲಿಲ್ಲಲ್ರಿ” ಎಂದು ಮೇಲಿನಿಂದಲೇ ನಗುತ್ತಿದ್ದಳು. ನೋಡಿಕೊಳ್ಳುವ ಹೆಂಗಸು ಉಪ್ಪಿಟ್ಟು ತಂದು ಮುಂದಿಟ್ಟಳು. ರೇಣವ್ವ ಎರಡು ಸಲ ಹಾಕಿಸಿಕೊಂಡು, “ಬ್ಯಾರೇದವರು ಮಾಡಿದ್ದು ಎಷ್ಟ್ ರುಚಿ ಇರ್ತೈತ್ರಿ” ಅಂದಳು. ನಿಜ ಹೇಳಬೇಕೆಂದರೆ ಆ ಉಪ್ಪಿಟ್ಟಿಗೆ ಉಪ್ಪೇ ಇರಲಿಲ್ಲ.

ಎರಡನೇ ದಿನ ಬೆಟ್ಟ ಹತ್ತಿದೆವು. ಮಂಜು ಬಂದು ಹೋಗಿ ಮಾಡುತ್ತಿತ್ತು. ಕಾವ್ಯ ಫೋಟೊ ತೆಗೆಯುತ್ತ ಅಲೆದಾಡಿದಳು. ರೇಣವ್ವ ಒಂದು ಬಂಡೆಯ ಮೇಲೆ ಕೂತವಳು ಒಂದು ಗಂಟೆ ಏಳಲಿಲ್ಲ. ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡಿದ್ದಳು. ಅರ ಹಿಡಿದು ಹಿಡಿದು ಹೆಬ್ಬೆರಳ ಬುಡದಲ್ಲಿ ಬಿದ್ದ ಗಂಟು ಕಾಣುತ್ತಿತ್ತು. ಅವಳನ್ನು ಕರೆಯಬೇಡ ಎಂದು ನಾನೇ ಕಾವ್ಯಳಿಗೆ ಗದರಿದೆ. ಇಷ್ಟೆಲ್ಲ ತಿಳಿದಿದ್ದವಳು ನಾನು. ಅದಕ್ಕೇ ಸಿಟ್ಟು.

ಆ ಸಂಜೆ ಇಳಿದುಕೊಂಡ ಎರಡನೇ ಹಾಸ್ಟೆಲಿನಲ್ಲಿ ಎರಡು ರಾತ್ರಿ ಉಳಿಯುವುದಿತ್ತು. ಗೋಡೆಗೆಲ್ಲ ಚಿತ್ರ ಬರೆದಿದ್ದರು, ಅಂಗಳದಲ್ಲಿ ಬಟ್ಟೆಯ ಜೋಲಿಗಳು. ನಡೆಸುವವನು ಆದಿ ಅಂತ, ನಮ್ಮ ಬೆಂಗಳೂರಿನವನೇ, ವೈಟ್‌ಫೀಲ್ಡಿನ ಕಂಪನಿಯೊಂದನ್ನು ಬಿಟ್ಟು ಬಂದಿದ್ದ. ಉಳಿದವರೂ ಹೆಚ್ಚುಕಡಿಮೆ ಅಂಥವರೇ. ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿ, ಇಪ್ಪತ್ತೈದರ ಆಸುಪಾಸಿನ ಹುಡುಗ ಹುಡುಗಿಯರು ಹದಿನೈದು ಜನ. ದೀಪ ಹಚ್ಚುವ ಹೊತ್ತಿಗೆ ಎಲ್ಲರನ್ನೂ ಸುತ್ತ ಕೂರಿಸಿ ಪರಿಚಯ ಮಾಡಿಕೊಳ್ಳಿ ಅಂದ. ಇಂಗ್ಲಿಷಿನಲ್ಲಿ ಒಬ್ಬೊಬ್ಬರೂ ಅದೇನೇನೋ ಹೇಳಿದರು. ನನ್ನ ಸರದಿಗೆ, “ಪೀಣ್ಯ, ಕ್ವಾಲಿಟಿ ಇನ್‌ಸ್ಪೆಕ್ಷನ್” ಅಂದೆ.

“ಓ ಪೀಣ್ಯ! ಆ ಫ್ಲೈಓವರ್ ಜಾಮ್ ಆಗುತ್ತಲ್ಲ, ಅದೇ ತಾನೇ?” ಅಂದ ಒಬ್ಬ.

ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ. ಆದರೆ ಯಾರೂ ಮುಂದೆ ಏನನ್ನೂ ಕೇಳಲಿಲ್ಲ. ನನ್ನ ಮೈ ಉರಿದುಹೋಯಿತು. ನೀವು ಓಡಿಸುವ ಬೈಕಿನ ಒಳಗಿನ ಪೀಸು ನನ್ನ ಬೆರಳ ಕೆಳಗೆ ಹೋಗಿದ್ದು ಕಣ್ರಪ್ಪ ಎಂದು ಹೇಳಬೇಕೆನಿಸಿತು. ಬಾಯಿ ಬರಲಿಲ್ಲ. ಅಷ್ಟರಲ್ಲಿ ಕಾವ್ಯ ಕಟಕ್ ರೊಟ್ಟಿಯ ಗಂಟು ಬಿಚ್ಚಿ ಶೇಂಗಾ ಚಟ್ನಿಯ ಜೊತೆ ಸುತ್ತ ಹಂಚಿದಳು. ಕರುಂಕುರುಂ ಅಂತ ತಿನ್ನುತ್ತ ಎಲ್ಲರ ಮುಖ ಅರಳಿತು. ಯಾರು ಮಾಡಿದ್ದು, ಯಾವ ಊರು, ಹೇಗೆ ಮಾಡುತ್ತಾರೆ. ಆಗ ಪೀಣ್ಯದವರ ಕಡೆ ತಿರುಗಿ ನೋಡಿದರು.

ಮೂರನೇ ದಿನ ಬೆಳಿಗ್ಗೆ ರೇಣವ್ವ ಅಂಗಳದ ಜೋಲಿಯಲ್ಲಿ ಮಲಗಿ ಒಂದು ಕಾಲು ಇಳಿಬಿಟ್ಟು ತೂಗಿಕೊಳ್ಳುತ್ತಿದ್ದಳು. ಆದಿ ನನ್ನ ಹತ್ತಿರ ಬಂದ.

“ಅಕ್ಕಾ, ಸಂಜೆ ಒಂದು ರೊಟ್ಟಿ ಸೆಷನ್ ಇಟ್ಕೊಳ್ಳೋಣ್ವಾ? ಅವ್ರು ಮಾಡಿ ತೋರಿಸ್ಲಿ, ಎಲ್ರೂ ಕಲೀತಾರೆ. ಜೋಳದ ಹಿಟ್ಟು ನಾನು ತರಿಸ್ತೀನಿ. ನಿಮ್ಮ ಮೂರು ಜನದ್ದು ಇವತ್ತಿನ ಸ್ಟೇ ಫ್ರೀ. ಆದ್ರೆ ಅವ್ರಿಗೆ ತೊಂದ್ರೆ ಆಗಲ್ವಾ?”

ಅವನು ಕೇಳಿದ. ತೊಂದರೆಯಾಗಲ್ವಾ ಎಂದು ಕೇಳಿದ. ನಾನು ಹತ್ತು ಹೆಜ್ಜೆ ನಡೆದು ಆ ಜೋಲಿಯ ಹತ್ತಿರ ಹೋಗಿ ಅವಳನ್ನು ಕೇಳಬಹುದಿತ್ತು. “ಅಯ್ಯೋ, ಅದೇನ್ ಮಹಾ, ಅವ್ಳಿಗೆ ಅಭ್ಯಾಸ. ಕಣ್ಮುಚ್ಕೊಂಡು ಬಡೀತಾಳೆ” ಅಂದುಬಿಟ್ಟೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಮಂಚದ ಬಾಡಿಗೆ ಉಳಿಯುತ್ತದೆ ಅನ್ನುವುದಕ್ಕಲ್ಲ ನಾನು ಒಪ್ಪಿದ್ದು. ಹಿಂದಿನ ದಿನ ನಕ್ಕವರ ಮುಂದೆ ನಮ್ಮಲ್ಲೂ ಏನೋ ಇದೆ ಎಂದು ತೋರಿಸಬೇಕಿತ್ತು ನನಗೆ. ನನ್ನ ಕೈಯಲ್ಲಿ ತೋರಿಸಲು ಏನೂ ಇರಲಿಲ್ಲ. ಅವಳ ಕೈ ಇತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ರೇಣವ್ವನಿಗೆ ಹೇಳಿದೆ. ಅವಳು ಅನ್ನ ಕಲಸುತ್ತಿದ್ದವಳು ನನ್ನನ್ನೊಮ್ಮೆ ನೋಡಿದಳು. “ಆತ್ರಿ” ಅಂದಳು. ಕಾವ್ಯ, “ರೇಣಕ್ಕ, ನಿಮ್ಗೆ ಇಷ್ಟ ಇಲ್ದಿದ್ರೆ ಬೇಡ” ಅಂದಳು. “ಇರ್ಲಿ ಬಿಡವ್ವಾ, ಏನಾತೀಗ” ಅಂದಳು ರೇಣವ್ವ. ನೋಡು, ಅವಳಿಗೂ ಖುಷಿಯೇ ಎಂದು ನಾನು ಕಾವ್ಯಳ ಬಾಯಿ ಮುಚ್ಚಿಸಿದೆ.

ಒಳಗೆ ಗ್ಯಾಸ್ ಒಲೆ ಇತ್ತು. ಆದರೂ ಆದಿ ಅಂಗಳದಲ್ಲಿ ಮೂರು ಕಲ್ಲು ಹೂಡಿ ಸೌದೆ ಒಲೆ ಮಾಡಿಸಿದ. ಫೋಟೊ ಚೆನ್ನಾಗಿ ಬರುತ್ತದಂತೆ. ಮಳೆಗಾಲ ಆಗತಾನೇ ಮುಗಿದಿದ್ದ ಊರು, ಸೌದೆ ಹಸಿ. ರೇಣವ್ವ ಪ್ರವಾಸಕ್ಕೆಂದೇ ಉಟ್ಟ ಹೊಸ ಇಳಕಲ್ ಸೀರೆಯನ್ನು ಮೇಲೆತ್ತಿ ಕಟ್ಟಿ ಹೊಗೆಯ ಮುಂದೆ ಕೂತಳು. ಬಿಸಿನೀರು ಹಾಕಿ ಹಿಟ್ಟು ನಾದಿ ಮೊದಲ ರೊಟ್ಟಿ ಬಡಿದಾಗ ಸುತ್ತ ಹದಿನೈದು ಮೊಬೈಲು. ಚಪ್ಪಾಳೆ. ಆಮೇಲೆ ಒಬ್ಬೊಬ್ಬರಾಗಿ ಬಂದು ಕೂತು ತಟ್ಟಿ ನೋಡಿದರು. ಹರಿಯಿತು, ನಕ್ಕರು, ಕೈ ತೊಳೆದುಕೊಂಡು ಹೋದರು. ಕಾಲು ಗಂಟೆಯಲ್ಲಿ ಕಲಿಕೆ ಮುಗಿಯಿತು. ಹಸಿವು ಮುಗಿದಿರಲಿಲ್ಲ. ಅಡುಗೆಯವನಿಗೆ ಅವತ್ತು ಪಲ್ಯ ಮಾತ್ರ ಮಾಡಲು ಹೇಳಿದ್ದರಂತೆ, ರೊಟ್ಟಿ ಇದೆಯಲ್ಲ ಎಂದು. ಆಮೇಲಿನ ಎರಡು ಗಂಟೆ ಅವಳೊಬ್ಬಳೇ ಬಡಿದಳು. ಕಾವ್ಯ ಬೇಯಿಸಲು ಕೂತಳು. ನಾನು ಏನು ಮಾಡುತ್ತಿದ್ದೆ? ತಟ್ಟೆ ಹಿಡಿದುಕೊಂಡು ಹುಡುಗರ ನಡುವೆ ನಿಂತು, ಜೋಳದಲ್ಲಿ ಎಷ್ಟು ಬಗೆ, ಕಟಕ್ ರೊಟ್ಟಿ ಎಷ್ಟು ದಿನ ಇಡಬಹುದು ಅಂತ ಭಾಷಣ ಬಿಗಿಯುತ್ತಿದ್ದೆ. ಅವತ್ತು ನನ್ನ ಮಾತನ್ನು ಎಲ್ಲರೂ ಕೇಳಿಸಿಕೊಂಡರು.

ಆಗ ಒಂದು ಹುಡುಗಿ ಊಟದ ನಡುವೆ, “ಆಂಟಿ, ಸ್ವಲ್ಪ ನೀರು ಕೊಡ್ತೀರಾ?” ಅಂದಳು. ಒಳ್ಳೆಯ ಹುಡುಗಿಯೇ. ಮೆತ್ತಗೆ, ಮರ್ಯಾದೆಯಿಂದಲೇ ಕೇಳಿದಳು. ರೇಣವ್ವ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಎದ್ದು ಹೋಗಿ ಜಗ್ಗು ತಂದಳು. ಅವಳಿಗೂ ಸುರಿದಳು, ಪಕ್ಕದವರಿಗೂ ಸುರಿದಳು, ಸಾಲಿನ ಕೊನೆಯವರೆಗೂ ಸುರಿಯುತ್ತ ಬಂದು ನನ್ನ ಲೋಟಕ್ಕೂ ಸುರಿದಳು. ನಾನು ಲೋಟ ಹಿಡಿದೆ.

ಮಾರನೇ ಬೆಳಿಗ್ಗೆ ಆರಕ್ಕೆ ಹೆಂಗಸರ ಕೋಣೆಯ ಬಾಗಿಲು ಬಡಿದ ಸದ್ದು. ಆದಿ ನಿಂತಿದ್ದ. “ಸಾರಿ ಅಕ್ಕಾ, ಟ್ರೆಕ್ ಹೋಗೋರು ಹತ್ತು ರೊಟ್ಟಿ ಪ್ಯಾಕ್ ಮಾಡಿಸ್ಕೊಡಿ ಅಂತಿದಾರೆ. ಹಿಟ್ಟು ಉಳ್ದಿದೆ...” ಅವನ ಮಾತು ಮುಗಿಯುವ ಮೊದಲೇ ನನ್ನ ಬಾಯಿ ಹರಿಯಿತು. “ಏನ್ರೀ, ಮನುಷ್ಯರು ಅಂತ ತಿಳ್ಕೊಂಡಿದೀರೋ ಇಲ್ವೋ? ಅವ್ಳೇನ್ ನಿಮ್ಮನೆ ಕೆಲ್ಸದೋಳಾ? ಟ್ರೆಕ್ ಹೋಗೋಕೆ ಕಾಲಿದೆ, ರೊಟ್ಟಿ ಬಡಿಯೋಕೆ ಕೈಯಿಲ್ವಾ ಅವ್ರಿಗೆ?” ಹಿಂದಿನ ದಿನದಿಂದ ಹೇಳದೆ ಉಳಿಸಿಕೊಂಡದ್ದೆಲ್ಲ ಅವನ ಮೇಲೆ ಸುರಿದೆ. ಮಲಗಿದ್ದವರೆಲ್ಲ ಎದ್ದು ಕೂತರು. ಅವನು ಕೆಂಪಾಗಿ ನಿಂತಿದ್ದ. ಕೊನೆಗೆ ತಗ್ಗಿದ ದನಿಯಲ್ಲಿ, “ನೀವೇ ಹೇಳಿದ್ರಲ್ಲ ಅಕ್ಕಾ, ಅವ್ರಿಗೆ ಅಭ್ಯಾಸ ಅಂತ” ಅಂದ.

ನಾನು ತಿರುಗಿ ನೋಡಿದರೆ ಮೇಲಿನ ಮಂಚ ಖಾಲಿ. ರೇಣವ್ವ ಆಗಲೇ ಹೋಗಿ ಅಡುಗೆಮನೆಯಲ್ಲಿ ನೀರು ಕಾಯಲಿಟ್ಟಿದ್ದಳು. ಮುಂಚಿನ ಹಾಗೆ ನಾಲ್ಕೂವರೆಗೇ ಎಚ್ಚರವಾಗಿತ್ತಂತೆ. ರಾತ್ರಿಯ ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿದ್ದಳು. ನಡಿ, ಹೊರಡೋಣ ಎಂದು ಕೈ ಹಿಡಿದೆಳೆದೆ. “ಬರೇ ಹತ್ತ ಅಲ್ರಿ, ಮುಗಿಸೇ ಬರ್ತೀನಿ” ಅಂದಳು. ಮುಗಿಸಿಯೇ ಬಂದಳು.

ವಾಪಸ್ಸು ಬರುವಾಗ ಅವಳು ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತಳು. ಅದೇ ದಾರಿ, ಅದೇ ಹುಚ್ಚೆಳ್ಳು, ಅವಳ ಬಾಯಲ್ಲಿ ಒಂದು ಹೆಸರೂ ಬರಲಿಲ್ಲ. ನಾನು ದಾರಿಯುದ್ದಕ್ಕೂ ಬೈದೆ. ಆದಿಯನ್ನು ಬೈದೆ, ಫೋಟೊ ತೆಗೆದವರನ್ನು ಬೈದೆ, ಇವರೆಲ್ಲ ನಮ್ಮ ಬೆಂಗಳೂರಲ್ಲೇ ಇದ್ದಾರೆ, ಜಾಗ ನಮ್ಮದು, ಬೆವರು ನಿಮ್ಮದು, ಕಾರುಬಾರು ಅವರದು ಎಂದು ಇಡೀ ಐಟಿಯವರ ಜನ್ಮ ಜಾಲಾಡಿದೆ. ಕುಣಿಗಲ್ ದಾಟುವ ಹೊತ್ತಿಗೆ ಕಾವ್ಯ ನಿದ್ದೆ ಹೋಗಿದ್ದಳು. ನೆಲಮಂಗಲದ ಹತ್ತಿರ ರಜೆ ಮುಗಿಸಿ ಬರುವವರ ವಾಹನಗಳೆಲ್ಲ ಕಟ್ಟಿಕೊಂಡು ನಿಂತವು. ಎಂಜಿನ್ ಆರಿಸಿದೆ. “ಅಂಥೋರಿಗೆಲ್ಲ ಆಗಲ್ಲ ಅಂತ ಮುಖಕ್ಕೆ ಹೊಡ್ದಂಗೆ ಹೇಳ್ಬೇಕು ರೇಣವ್ವ. ನೀನು ಯಾಕೆ ಹೇಳ್ಲಿಲ್ಲ?” ಅಂದೆ.

ಅವಳು ಹಿಂದಿನ ಸೀಟಿನಿಂದ ಸ್ವಲ್ಪ ಮುಂದಕ್ಕೆ ಬಾಗಿದಳು.

“ಅವರಿಗಾದ್ರ ಹೇಳ್ತಿದ್ನಿರಿ. ಅವರ್ಯಾರೋ, ನಾನ್ಯಾರೋ. ಆದ್ರ ಹೇಳಿದವರು ನೀವು. ಮನಿ ನಿಮ್ಮಪ್ಪಂದು. ಪೀಸ್ ಪಾಸ್ ಮಾಡೋರು ನೀವು. ನಿಮಗ ಬ್ಯಾಡ ಅನ್ನಾಕ ಬರೂದಿಲ್ರಿ ನಮಗ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು. ಐದು ವರ್ಷ ಒಂದೇ ಡಬ್ಬಿಯಲ್ಲಿ ಉಂಡಿದ್ದೇವೆ, ಗೆಳತಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ, ನಮಗೆ ಅಂದಳಲ್ಲ, ನನಗೆ ಅನ್ನಲಿಲ್ಲವಲ್ಲ ಎಂದು ಕುದಿಯುತ್ತ ಕೂತೆ. ಹಿಂದಿನವರು ಹಾರ್ನ್ ಹೊಡೆದ ಮೇಲೆ ಗಾಡಿ ತೆಗೆದೆ.

ಮರುದಿನದಿಂದ ಕಾರ್ಖಾನೆಯಲ್ಲಿ ಎಲ್ಲ ಮೊದಲಿನಂತೆಯೇ ನಡೆಯಿತು. ಉಜ್ಜಿ ಕೊಟ್ಟಳು, ನೋಡಿದೆ. ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ ನನ್ನ ಕಡೆ ಸರಿಸಿದಳು, ತಿಂದೆ. ನೀರು ಬರುವ ದಿನ ನಾನು ಅಲಾರಾಂ ಇಟ್ಟುಕೊಂಡು ನಾಲ್ಕಕ್ಕೇ ಎದ್ದು ನಲ್ಲಿಯ ಹತ್ತಿರ ಹೋದೆ, ಒಂದು ವಾರವಲ್ಲ, ಎರಡು ತಿಂಗಳು. ಅವಳು ಎದ್ದು ಬಂದು ತುಂಬಿದ ಕೊಡಗಳನ್ನು ನೋಡಿ, ತನ್ನದನ್ನು ಎತ್ತಿಕೊಂಡು ಹೋಗುತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ ಅವಳ ಗಂಡ ಬಂದು, ಆನೇಕಲ್ ಕಡೆ ದೊಡ್ಡ ಕಟ್ಟಡದ ಕೆಲಸ ಸಿಕ್ಕಿದೆ, ರೂಮು ಬಿಡುತ್ತೇವೆ ಅಂದ. ಅಲ್ಲೂ ಅವಳಿಗೆ ಒಂದು ಕಾರ್ಖಾನೆಯಲ್ಲಿ ಕೆಲಸ ನೋಡಿದ್ದನಂತೆ. ಅಪ್ಪ ಒಳ್ಳೆಯ ಬಾಡಿಗೆದಾರರು ಹೋಗುತ್ತಾರಲ್ಲ ಎಂದು ಪೇಚಾಡಿದರು.

ಹೊರಡುವ ದಿನ ಭಾನುವಾರ. ಬಾಗಿಲಲ್ಲಿ ಸಣ್ಣ ಲಗೇಜ್ ಆಟೊ. ರೇಣವ್ವ ಒಂದು ಕಂಕುಳಲ್ಲಿ ಹಿಟ್ಟಿನ ಡಬ್ಬ, ಇನ್ನೊಂದು ಕೈಯಲ್ಲಿ, ಹೊಸ ಮನೆಯೊಳಗೆ ಮೊದಲು ಒಯ್ಯಲೆಂದು, ತುಂಬಿದ ನೀರಿನ ಕೊಡ ಹಿಡಿದು ಬರುತ್ತಿದ್ದಳು. ಭಾರಕ್ಕೆ ಒಂದು ಕಡೆ ವಾಲಿದ್ದಳು. ನಾನು ಓಡಿಹೋಗಿ ಕೊಡಕ್ಕೆ ಕೈ ಹಾಕಿದೆ. “ಕೊಡಿಲ್ಲಿ, ನಾನ್ ತರ್ತೀನಿ” ಅಂದೆ.

ಅವಳು ನಿಂತಳು. ನನ್ನ ಮುಖ ನೋಡಿದಳು.

“ಬ್ಯಾಡ್ರಿ” ಅಂದಳು.

ಐದು ವರ್ಷದಲ್ಲಿ ಅವಳು ನನಗೆ ಬೇಡ ಅಂದದ್ದು ಅದೇ ಮೊದಲು. ನಾನು ಕೈ ಬಿಟ್ಟೆ.